ಮಠದ ಜಮೀನು, ಸಂಸತ್ತಿನ ಎಲ್ಲೆ

ಸರ್ಕಾರದ ಮೂರು ಅಂಗಗಳು ಯಾವುವು ಎಂದು ಕೇಳಿದರೆ ಎಂಟನೇ ತರಗತಿಯ ಮಕ್ಕಳೂ ತಡವರಿಸದೆ ಹೇಳುತ್ತಾರೆ. ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿಗೆ ತರುತ್ತದೆ, ನ್ಯಾಯಾಂಗ ಅರ್ಥೈಸುತ್ತದೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಈ ಮೂವರ ನಡುವೆ ಜಗಳ ಬಂದಾಗ ಕೊನೆಯ ಮಾತು ಯಾರದು? ಸಂವಿಧಾನವನ್ನೇ ತಿದ್ದುವ ಅಧಿಕಾರ ಸಂಸತ್ತಿಗೆ ಇರುವಾಗ, ತನಗೆ ಅಡ್ಡ ಬರುವ ವಿಧಿಯನ್ನೆಲ್ಲ ಅದು ತಿದ್ದಿಕೊಂಡರೆ ತಡೆಯುವವರು ಯಾರು? ಈ ಪ್ರಶ್ನೆಗೆ ಭಾರತದಲ್ಲಿ ಉತ್ತರ ಸಿಕ್ಕಿದ್ದು 1973ರಲ್ಲಿ. ಅದಕ್ಕೆ ನಿಮಿತ್ತವಾದದ್ದು ಕಾಸರಗೋಡಿನ ಸಮೀಪದ ಎಡನೀರು ಮಠ.

ಯಕ್ಷಗಾನ, ಸಂಗೀತಗಳಿಗೆ ಆಶ್ರಯ ಕೊಟ್ಟ ಈ ಕನ್ನಡದ ಮಠ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡಿನ ಜೊತೆಗೆ ಕೇರಳಕ್ಕೆ ಸೇರಿಹೋಯಿತು. ಕೇರಳದ ಭೂಸುಧಾರಣಾ ಕಾನೂನು ಮಠದ ಜಮೀನಿಗೂ ಕೈ ಹಾಕಿದಾಗ, ಇನ್ನೂ ಮೂವತ್ತು ತುಂಬದ ಪೀಠಾಧಿಪತಿ ಕೇಶವಾನಂದ ಭಾರತಿಯವರು 1970ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಅವರ ಪರ ವಾದಿಸಲು ನಿಂತವರು ಪ್ರಖ್ಯಾತ ವಕೀಲ ನಾನಿ ಪಾಲ್ಖಿವಾಲಾ.

ಒಂದು ಮಠದ ಜಮೀನಿನ ವ್ಯಾಜ್ಯ ದೇಶದ ವ್ಯಾಜ್ಯವಾದದ್ದು ಹೇಗೆ? ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿತ್ತು. ಜಮೀನ್ದಾರಿ ರದ್ದು ಮಾಡುವ ಕಾನೂನುಗಳಿಗೆ ಅದೇ ತೊಡಕಾಯಿತು. 1951ರಲ್ಲಿ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಒಂಬತ್ತನೇ ಅನುಸೂಚಿ ಎಂಬ ಪಟ್ಟಿಯನ್ನು ಸೇರಿಸಿತು. ಈ ಪಟ್ಟಿಗೆ ಸೇರಿದ ಕಾನೂನನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಸುಪ್ರೀಂ ಕೋರ್ಟು 1951ರಲ್ಲೂ 1965ರಲ್ಲೂ ಇದಕ್ಕೆ ತಲೆದೂಗಿತು. 1967ರ ಗೋಲಕ್‌ನಾಥ್ ಪ್ರಕರಣದಲ್ಲಿ ಮಾತ್ರ 11 ನ್ಯಾಯಮೂರ್ತಿಗಳ ಪೀಠ 6-5ರ ಬಹುಮತದಿಂದ ಮಗ್ಗುಲು ಬದಲಿಸಿತು: ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ಸಂಸತ್ತಿಗೇ ಇಲ್ಲ! 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾನೂನೂ ರಾಜಧನ ರದ್ದತಿಯ ಆದೇಶವೂ ನ್ಯಾಯಾಲಯದಲ್ಲಿ ಬಿದ್ದುಹೋದವು.

ಇಂದಿರಾ ಗಾಂಧಿ ಜನರ ಮುಂದೆ ಹೋದರು. 1971ರ ಚುನಾವಣೆಯಲ್ಲಿ 352 ಸ್ಥಾನ ಗೆದ್ದು ಬಂದರು. 24ನೇ ತಿದ್ದುಪಡಿ ಸಂವಿಧಾನದ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರವನ್ನು ಸಂಸತ್ತಿಗೆ ಮರಳಿ ಕೊಟ್ಟಿತು. 25ನೇ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಪತ್ತಿನ ಹಂಚಿಕೆಗಾಗಿ ಈ ಕಾನೂನು ಎಂದು ಶಾಸಕಾಂಗ ಘೋಷಿಸಿಬಿಟ್ಟರೆ, ಅದು ನಿಜವಾಗಿಯೂ ಆ ಉದ್ದೇಶದ್ದೇ ಎಂದು ನ್ಯಾಯಾಲಯ ಕೇಳುವಂತಿಲ್ಲ ಎಂದಿತು. 1972ರ 29ನೇ ತಿದ್ದುಪಡಿ ಕೇರಳದ ಎರಡು ಭೂಸುಧಾರಣಾ ಕಾನೂನುಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿತು. ಎಡನೀರಿನ ಅರ್ಜಿ ಈ ಮೂರಕ್ಕೂ ಎದುರಾಗಿ ನಿಂತಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಪಾಠಗಳಲ್ಲಿ ಈ ಕಥೆ ಬಂದಾಗ ನ್ಯಾಯಾಲಯ ನಾಯಕ, ಸಂಸತ್ತು ಖಳನಾಯಕ ಎಂಬಂತೆ ಬರುತ್ತದೆ. ಗೇಣಿಗೆ ದುಡಿದು ಅರೆಹೊಟ್ಟೆ ಉಂಡವನಿಗೆ ಅದು ಹಾಗೆ ಕಾಣುತ್ತಿರಲಿಲ್ಲ. ಕರ್ನಾಟಕದಲ್ಲೂ 1974ರ ಭೂಸುಧಾರಣೆಯಿಂದ ಉಳುವವನೇ ಒಡೆಯನಾದ ಮನೆಗಳ ಮಕ್ಕಳು ಇಂದು ಈ ಪುಟವನ್ನು ಓದುತ್ತಿರಬಹುದು. ಅವರ ಅಜ್ಜನಿಗೆ ನ್ಯಾಯ ಒದಗಿಸಿದ್ದು ಶಾಸನಸಭೆಯೇ ಹೊರತು ಕೋರ್ಟಲ್ಲ. ಆದ್ದರಿಂದ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಒಳ್ಳೆಯ ಕೆಲಸಕ್ಕೆಂದು ಕೊಟ್ಟ ಅಧಿಕಾರಕ್ಕೆ ಎಲ್ಲೆ ಬೇಕೇ ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆ.

ಹನ್ನೊಂದು ಮಂದಿಯ ತೀರ್ಪನ್ನು ಮರುಪರಿಶೀಲಿಸಬೇಕಾದ್ದರಿಂದ 13 ಮಂದಿಯ ಪೀಠ ಕುಳಿತಿತು. ವಾದ ನಡೆದದ್ದು 68 ದಿನ. 1973ರ ಏಪ್ರಿಲ್ 24ರಂದು ತೀರ್ಪು ಬಂದಾಗ ನ್ಯಾಯಮೂರ್ತಿಗಳು ಬರೆದ ಅಭಿಪ್ರಾಯಗಳೇ 11! ಒಟ್ಟಿನಲ್ಲಿ 7-6. ಏಳನೆಯ ಮತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರದು. ಅವರು ಹಿಡಿದದ್ದು ನಡುದಾರಿ. ಸಂಸತ್ತು ಮೂಲಭೂತ ಹಕ್ಕುಗಳನ್ನೂ ಒಳಗೊಂಡಂತೆ ಏನನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಮನೆಯ ಗೋಡೆ ಒಡೆಯಬಹುದು, ಕಿಟಕಿ ಇಡಬಹುದು, ತಳಪಾಯ ಕೀಳುವಂತಿಲ್ಲ. ಹಾಗಾಗಿ 24ನೇ ತಿದ್ದುಪಡಿ ಉಳಿಯಿತು. 25ರಲ್ಲಿ ನ್ಯಾಯಾಲಯದ ಬಾಯಿ ಕಟ್ಟುವ ಭಾಗ ಮಾತ್ರ ಹೋಯಿತು. 29ನೇ ತಿದ್ದುಪಡಿಯೂ ಉಳಿಯಿತು. ಅಂದರೆ ತೀರ್ಪಿಗೆ ತಮ್ಮ ಹೆಸರನ್ನೇ ಕೊಟ್ಟ ಸ್ವಾಮೀಜಿಗೆ ತಾವು ಕೇಳಿಕೊಂಡು ಹೋದದ್ದು ಸಿಗಲಿಲ್ಲ.

ಕಾರ್ಯಾಂಗದ ಉತ್ತರಕ್ಕೆ ಒಂದು ದಿನವೂ ಕಾಯಬೇಕಾಗಲಿಲ್ಲ. ಮುಖ್ಯ ನ್ಯಾಯಮೂರ್ತಿ ಸಿಕ್ರಿ ಮರುದಿನ ನಿವೃತ್ತರಾಗುವವರಿದ್ದರು. ಅವರ ನಂತರ ಹಿರಿತನದ ಸಾಲಿನಲ್ಲಿದ್ದವರು ಶೆಲತ್, ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್. ಮೂವರೂ ಬಹುಮತದ ಕಡೆಯವರು. ಮೂವರನ್ನೂ ದಾಟಿಸಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ತೀರ್ಪನ್ನು ತಿದ್ದಲಾಗದಿದ್ದರೆ ತೀರ್ಪು ಕೊಡುವವರನ್ನು ಬದಲಿಸಬಹುದು ಎಂಬುದು ಪುಸ್ತಕದ ಮೂರು ಅಂಗಗಳ ಚಿತ್ರದಲ್ಲಿ ಕಾಣದ ಸಂಗತಿ.

ಈ ಮೂವರಲ್ಲಿ ಹೆಗ್ಡೆಯವರು ಕಾರ್ಕಳ ಸೀಮೆಯವರು. ರಾಜ್ಯಸಭಾ ಸದಸ್ಯರಾಗಿದ್ದು, ಆಮೇಲೆ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಸುಪ್ರೀಂ ಕೋರ್ಟಿಗೆ ಬಂದಿದ್ದವರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಿ ಬಂದು ಅದೇ ವರ್ಷ ಸ್ಪೀಕರ್ ಆದರು. ಸಂಸತ್ತಿಗೆ ಎಲ್ಲೆ ಹಾಕಿದ ಕೈ ಸಂಸತ್ತಿನ ಕಲಾಪವನ್ನು ನಡೆಸಿತು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದ 1978ರ 44ನೇ ತಿದ್ದುಪಡಿ ಅಂಗೀಕಾರವಾದಾಗ ಪೀಠದಲ್ಲಿದ್ದವರು ಅವರೇ.

ಆದರೆ ಅದಕ್ಕೆ ಮೊದಲು ತುರ್ತುಪರಿಸ್ಥಿತಿ ಬಂದು ಹೋಗಿತ್ತು. 1975ರ ಜೂನ್‌ನಲ್ಲಿ ಅಲಹಾಬಾದ್ ಹೈಕೋರ್ಟು ಪ್ರಧಾನಿಯ ಆಯ್ಕೆಯನ್ನು ಅಸಿಂಧುಗೊಳಿಸಿತು. ಆಗಸ್ಟ್‌ನಲ್ಲಿ 39ನೇ ತಿದ್ದುಪಡಿ ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಗೆ ಸಿಗದಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನವೆಂಬರ್ 7ರಂದು ಸುಪ್ರೀಂ ಕೋರ್ಟು ಪ್ರಧಾನಿಯ ಆಯ್ಕೆಯನ್ನು ಎತ್ತಿಹಿಡಿಯಿತಾದರೂ ಆ ತಿದ್ದುಪಡಿಯ ಮುಖ್ಯ ಭಾಗವನ್ನು ಮೂಲ ಸ್ವರೂಪದ ಹೆಸರಿನಲ್ಲೇ ತೆಗೆದುಹಾಕಿತು. ಕೆಲವೇ ದಿನಗಳಲ್ಲಿ ಮುಖ್ಯ ನ್ಯಾಯಮೂರ್ತಿ ರೇ 1973ರ ತೀರ್ಪನ್ನು ಮತ್ತೆ ಕೆದಕಲು 13 ಮಂದಿಯ ಪೀಠ ಕೂಡಿಸಿದರು. ಎರಡೇ ದಿನದ ವಾದದ ನಂತರ ತಾವೇ ಅದನ್ನು ವಿಸರ್ಜಿಸಿದರು. 1976ರ 42ನೇ ತಿದ್ದುಪಡಿ ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದು ಬರೆದಿಟ್ಟಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಅದೂ ಬಿತ್ತು. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ 1973ರಲ್ಲಿ ಅಲ್ಪಮತದ ಆರು ಮಂದಿಯಲ್ಲಿ ಒಬ್ಬರು!

ಖನ್ನಾ ಅವರ ಗತಿಯೂ ಬೇರೆಯಾಗಲಿಲ್ಲ. ತುರ್ತುಪರಿಸ್ಥಿತಿಯಲ್ಲೂ ಬಂಧಿತನಿಗೆ ನ್ಯಾಯಾಲಯದ ಬಾಗಿಲು ಮುಚ್ಚಬಾರದು ಎಂದು 1976ರಲ್ಲಿ ಒಬ್ಬಂಟಿಯಾಗಿ ಭಿನ್ನಮತ ಬರೆದ ಅವರನ್ನು 1977ರಲ್ಲಿ ಹಿರಿತನ ಕಡೆಗಣಿಸಿ ದಾಟಿಸಲಾಯಿತು.

ಇಂಥ ದಾಟಿಸುವಿಕೆಯ ನೆನಪೇ ಮುಂದೆ ಪಟ್ಟನ್ನು ಇನ್ನೊಂದು ಕಡೆಗೆ ಬಿಗಿ ಮಾಡಿತು ಎನ್ನಬೇಕು. 1993ರ ತೀರ್ಪಿನಿಂದ ನ್ಯಾಯಮೂರ್ತಿಗಳ ನೇಮಕದಲ್ಲಿ ಹಿರಿಯ ನ್ಯಾಯಮೂರ್ತಿಗಳ ಮಂಡಳಿಯಾದ ಕೊಲಿಜಿಯಂನ ಮಾತೇ ಮೇಲಾಯಿತು. ಇದನ್ನು ಬದಲಿಸಲು ಸಂಸತ್ತು 2014ರಲ್ಲಿ 99ನೇ ತಿದ್ದುಪಡಿ ತಂದು ನೇಮಕಾತಿ ಆಯೋಗವನ್ನು ರೂಪಿಸಿತು. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು 4-1ರಿಂದ ಅದನ್ನು ರದ್ದುಗೊಳಿಸಿತು. ಕೊಟ್ಟ ಕಾರಣ, ನ್ಯಾಯಾಂಗದ ಸ್ವಾತಂತ್ರ್ಯವೂ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬುದು. ಇಲ್ಲಿ ಮಾತ್ರ ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ಸಂಸತ್ತಿಗೆ ಎಲ್ಲೆ ಹಾಕಲು ಹುಟ್ಟಿದ ತತ್ವವನ್ನು ನ್ಯಾಯಾಲಯ ತನ್ನದೇ ಅಧಿಕಾರದ ರಕ್ಷಣೆಗೆ ಬಳಸಿತೆ? ಭಿನ್ನಮತ ಬರೆದವರು ನ್ಯಾಯಮೂರ್ತಿ ಚೆಲಮೇಶ್ವರ್ ಒಬ್ಬರೇ. ನೇಮಕದ ವಿಷಯದಲ್ಲಿ ಸರ್ಕಾರಕ್ಕೂ ಕೊಲಿಜಿಯಂಗೂ ನಡುವಿನ ಹಗ್ಗಜಗ್ಗಾಟ ಆ ತೀರ್ಪಿನ ನಂತರವೂ ನಿಂತಿಲ್ಲ.