ನಮ್ಮ ಮೈಗೂ ಒಂದು ಲೆಕ್ಕ ಬೇಡವೇ?

ಫ್ರಿಜ್ಜಿನ ಬಾಗಿಲು ತೆಗೆದರೆ ಮೊಸರಿನ ಪಾತ್ರೆ, ಕೊತ್ತಂಬರಿ ಕಟ್ಟು, ದೋಸೆ ಹಿಟ್ಟಿನ ಡಬ್ಬಿ... ಪಕ್ಕದಲ್ಲೇ ಇನ್ಸುಲಿನ್ ಪೆನ್ನು! ಈಗ ಎಷ್ಟೋ ಮನೆಗಳಲ್ಲಿ ಇದೇ ಚಿತ್ರ. ಅತ್ತೆಗೋ, ಮಾವನವರಿಗೋ, ಯಜಮಾನರಿಗೋ, ಕೊನೆಗೆ ನಮಗೋ ಅದು ಬೇಕೇ ಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಮಿಕ್ಕಿದ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ಹೊತ್ತು ತಪ್ಪದಂತೆ ಸೂಜಿ ಚುಚ್ಚಿಕೊಳ್ಳುತ್ತೇವೆ, ಚುಚ್ಚುತ್ತೇವೆ. ಆದರೆ ಆ ಔಷಧಿಯನ್ನು ಮೊದಲು ಯಾರ ಮೇಲೆ ಪರೀಕ್ಷೆ ಮಾಡಿದರು ಅಂತ ಯಾವತ್ತಾದರೂ ಕೇಳಿದ್ದೀರಾ?

ಜಪಾನಿನ ಹಟ

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ಕಿರಣ್ ಮಜುಂದಾರ್ ಷಾ 1978ರಲ್ಲಿ ಶುರು ಮಾಡಿದ ಬಯೋಕಾನ್ ಕಂಪನಿ ನಿಮಗೆ ಗೊತ್ತೇ ಇದೆ. ಅದು ಗ್ಲಾರ್ಜಿನ್ ಎಂಬ ಇನ್ಸುಲಿನ್ ತಯಾರಿಸುತ್ತದೆ. ಇದು ನಿಧಾನವಾಗಿ ಮೈಗೆ ಸೇರುವ, ಹೆಚ್ಚುಕಡಿಮೆ ಇಡೀ ದಿನ ಕೆಲಸ ಮಾಡುವ ಇನ್ಸುಲಿನ್. ದಿನಕ್ಕೊಂದೇ ಸಲ ಚುಚ್ಚಿಕೊಂಡರೆ ಸಾಕು. 2009ರಿಂದಲೇ ನಮ್ಮಲ್ಲಿ ಮಾರಾಟಕ್ಕಿತ್ತು. ಇದನ್ನು ಜಪಾನಿಗೆ ಕೊಂಡೊಯ್ಯಲು ಹೊರಟಾಗ ಏನಾಯಿತು ಗೊತ್ತೇ? ಅಲ್ಲೇ ಮತ್ತೆ ಪರೀಕ್ಷೆಗೆ ಒಳಗಾಗಬೇಕಾಯಿತು! ಮೊದಲ ಹಂತದ ಪರೀಕ್ಷೆಗಳ ನಂತರ, ಟೈಪ್ ಒಂದು ಮಧುಮೇಹವಿರುವ 250ಕ್ಕೂ ಹೆಚ್ಚು ರೋಗಿಗಳ ಮೇಲೆ ಮೂರನೇ ಹಂತದ ಪರೀಕ್ಷೆ ನಡೆಯಿತು. ಮೂಲ ಕಂಪನಿಯ ಇನ್ಸುಲಿನ್ ಜೊತೆ ಹೋಲಿಸಿ ನೋಡಿದರು. 2016ರಲ್ಲಿ ಒಪ್ಪಿಗೆ ಸಿಕ್ಕಿತು.

ಇದು ಬರೀ ಹಟವಲ್ಲ. ಒಂದೇ ಔಷಧಿ ಎಲ್ಲರ ಮೈಯಲ್ಲೂ ಒಂದೇ ಥರ ಕೆಲಸ ಮಾಡಬೇಕೆಂದಿಲ್ಲ. ವಂಶವಾಹಿ, ಮೈತೂಕ, ಊಟ, ವೈದ್ಯರ ಪದ್ಧತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕ, ಯುರೋಪ್, ಜಪಾನ್ ಸೇರಿ 1998ರಲ್ಲೇ ಇದಕ್ಕೊಂದು ಮಾರ್ಗಸೂಚಿ ಮಾಡಿಕೊಂಡವು. ಡುಲಾಗ್ಲುಟೈಡ್ ಎಂಬ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೂಜಿಮದ್ದನ್ನೇ ನೋಡಿ. ಅಮೆರಿಕದಲ್ಲಿ 1.5 ಮಿಲಿಗ್ರಾಂ ಪ್ರಮಾಣಕ್ಕೂ ಒಪ್ಪಿಗೆ ಸಿಕ್ಕಿತ್ತು. 2015ರಲ್ಲಿ ಜಪಾನ್ ಒಪ್ಪಿದ್ದು ಅದರ ಅರ್ಧ, 0.75 ಮಿಲಿಗ್ರಾಂ ಮಾತ್ರ. ಟಿರ್ಜೆಪಟೈಡ್ ಬಂದಾಗಲೂ 636 ಜಪಾನೀ ರೋಗಿಗಳ ಮೇಲೆ ಒಂದು ವರ್ಷ ಪ್ರತ್ಯೇಕ ಪರೀಕ್ಷೆ ನಡೆಸಿದರು. ಒಬ್ಬರ ಅಳತೆಯ ರವಿಕೆ ಇನ್ನೊಬ್ಬರಿಗೆ ಕೂರುವುದಿಲ್ಲ ಅಂತ ನಮಗೆ ಹೇಳಿಕೊಡಬೇಕೇ?

ತೆಳ್ಳಗಿದ್ದರೂ ಕೊಬ್ಬು!

ಹಾಗಾದರೆ ನಮ್ಮ ಅಳತೆ? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೋ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನೋಡಲು ಸಣಕಲು, ಒಳಗೆ ಕೊಬ್ಬು. ಇದು ನಮ್ಮ ಭಾರತೀಯರ ಮೈ.

ಇನ್ನೊಂದು ಸಂಗತಿ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದರು. ಬಸುರಿಯಲ್ಲಿ ಸಕ್ಕರೆ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ, ಎಳವೆಯಲ್ಲೇ ಕೊಬ್ಬು ಹೆಚ್ಚು, ಇನ್ಸುಲಿನ್ ಕೆಲಸವೂ ಮಂದ. ಅಂದರೆ ಈ ಕಾಯಿಲೆ ಗಂಡಸರಷ್ಟೇ ಹೆಂಗಸರದ್ದೂ ಹೌದು. ನಮ್ಮ ಒಡಲಿನಿಂದ ಮುಂದಿನ ಪೀಳಿಗೆಗೂ ಅದರ ನೆರಳು ದಾಟುತ್ತದೆ.

ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಕಳೆ ತೆಗೆದು, ಎಲ್ಲರದ್ದೂ ಆದ ಮೇಲೆ ಉಣ್ಣುವವಳು ಅವಳು. ಶ್ರಾವಣ ಬಂದರೆ ಸೋಮವಾರ ಉಪವಾಸ. ಇನ್ಸುಲಿನ್ ತೆಗೆದುಕೊಂಡು ಹೊಟ್ಟೆಗೆ ಹಾಕದಿದ್ದರೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರುವುದುಂಟು. ಅವಳ ಜೋಳದ ರೊಟ್ಟಿ, ಅವಳ ದುಡಿಮೆ, ಅವಳ ಉಪವಾಸ ಟೋಕಿಯೋದ ಲೆಕ್ಕದಲ್ಲಿ ಇರುವುದಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಲೆಕ್ಕದಲ್ಲಾದರೂ ಇರುತ್ತದೆಯೇ?

2024ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಒಂದು ಆದೇಶ ಹೊರಡಿಸಿದರು. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಯುರೋಪ್ ಒಕ್ಕೂಟದಲ್ಲಿ ಒಪ್ಪಿಗೆ ಪಡೆದ ಕೆಲವು ಬಗೆಯ ಹೊಸ ಔಷಧಿಗಳಿಗೆ ಇಲ್ಲಿನ ಪರೀಕ್ಷೆಯಿಂದ ವಿನಾಯಿತಿ ಸಿಗಬಹುದು. ಅಪರೂಪದ ಕಾಯಿಲೆಯ ಮದ್ದು ಬೇಗ ಬರಲಿ ಎನ್ನುವುದು ಸರಿಯೇ. ಆದರೆ ಈಗಿನ ಚಿಕಿತ್ಸೆಗಿಂತ ಬಹಳ ಮುಂದುವರಿದ ಔಷಧಿ ಎಂಬುದೂ ಆ ಪಟ್ಟಿಯಲ್ಲಿದೆ. ಕೋಟಿಗಟ್ಟಲೆ ಜನ ಜೀವನಪೂರ್ತಿ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯ ಸೂಜಿಗೆ ಈ ಬಾಗಿಲು ತೆರೆಯಬಾರದು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಔಷಧಿಯನ್ನು ಜಪಾನ್ ತನ್ನವರ ಮೇಲೆ ನೋಡದೆ ಒಪ್ಪಲಿಲ್ಲ. ಹಾಗಿರುವಾಗ ಜಪಾನ್ ಒಪ್ಪಿದ್ದನ್ನು ನಾವು ಕಣ್ಣುಮುಚ್ಚಿ ಒಪ್ಪಬೇಕೇ?

ಭಯ ಸುಳ್ಳಲ್ಲ

‘ಅಯ್ಯೋ, ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರಂತ, ಬ್ಯಾಡವ್ವಾ!’ ಎನ್ನುತ್ತೀರಾ? ಆ ಭಯಕ್ಕೆ ಕಾರಣವಿದೆ. 2009-10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಹುಡುಗಿಯರ ಪರವಾಗಿ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಅಲ್ಲಿ ಸಂಭವಿಸಿದ ಸಾವುಗಳಿಗೆ ಲಸಿಕೆ ಕಾರಣವಾಗಿರಲಾರದು ಎಂದು ತನಿಖಾ ಸಮಿತಿ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿ ತಪ್ಪೇ. 2013ರಲ್ಲಿ ಸಂಸತ್ತಿನ ಸಮಿತಿಯೂ ಇದನ್ನು ಕಟುವಾಗಿ ಟೀಕಿಸಿತು.

ಆ ಬಳಿಕ ಕಾನೂನು ಬಿಗಿಯಾಗಿದೆ. 2019ರ ನಿಯಮಗಳ ಪ್ರಕಾರ ಪ್ರತಿ ಪರೀಕ್ಷೆಗೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಒಬ್ಬ ಮಹಿಳೆ ಇರಲೇಬೇಕು, ವೈದ್ಯಕೀಯ ಹಿನ್ನೆಲೆಯಿಲ್ಲದ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಓದಿಕೊಂಡ ಗೃಹಿಣಿಯೊಬ್ಬಳು ಆ ಕುರ್ಚಿಯಲ್ಲಿ ಯಾಕೆ ಕೂರಬಾರದು, ಯೋಚಿಸಿ!

ಸಹಿ ಹಾಕುವ ಮುನ್ನ

ನಿಮ್ಮನ್ನೋ ಮನೆಯವರನ್ನೋ ಔಷಧಿ ಪರೀಕ್ಷೆಗೆ ಕರೆದರೆ ಓಡಿಹೋಗಬೇಡಿ, ತಲೆಯಾಡಿಸಲೂ ಬೇಡಿ. ಇಷ್ಟನ್ನು ಕೇಳಿ:

* ಒಪ್ಪಿಗೆ ಪತ್ರ ನನಗೆ ತಿಳಿಯುವ ಕನ್ನಡದಲ್ಲಿದೆಯೇ? ಒಂದು ಪ್ರತಿ ನನಗೆ ಕೊಡುತ್ತೀರಾ? ಮನೆಗೆ ಒಯ್ದು ಓದಿ ಬರಬಹುದೇ?

* ಓದಲು ಬಾರದ ಅತ್ತೆ, ಅವ್ವ ಇದ್ದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮೊದಲಿಂದ ಕೊನೆತನಕ ಇರುತ್ತಾರೆಯೇ? ಇದು ಕಾನೂನು.

* ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಯಾರು ಕೊಡುತ್ತಾರೆ? ರಾತ್ರಿ ಯಾರಿಗೆ ಫೋನ್ ಮಾಡಬೇಕು?

* ಮಧ್ಯದಲ್ಲಿ ಬಿಟ್ಟರೆ ಎಂದಿನ ಚಿಕಿತ್ಸೆ ನಿಲ್ಲುತ್ತದೆಯೇ? ನಿಲ್ಲಬಾರದು. ಬಿಡುವ ಹಕ್ಕು ನಿಮ್ಮದು.

* ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಎಷ್ಟು? 2009ರಿಂದ ನೋಂದಣಿ ಕಡ್ಡಾಯ.

* ದಾವಣಗೆರೆಗೋ ಹುಬ್ಬಳ್ಳಿಗೋ ಓಡಾಡುವ ಬಸ್ ಖರ್ಚು ಕೊಡುತ್ತೀರಾ? ಕೇಳಲು ಸಂಕೋಚ ಬೇಡ.

* ನಾನು ವಾರಕ್ಕೊಂದು ಉಪವಾಸ ಮಾಡುತ್ತೇನೆ, ಬಸುರಿಯಾಗುವ ಆಲೋಚನೆ ಇದೆ. ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ಮುಖ್ಯವಾದ ಇನ್ನೊಂದು ಮಾತು. ‘ನಮ್ಮನೆಯವರು ಹೂಂ ಅಂದಿದಾರೆ, ಸಹಿ ಹಾಕ್ತೀನಿ’ ಅನ್ನಬೇಡಿ. ‘ನೀನು ಹೋದ್ರೆ ಅಡುಗೆ ಯಾರು ಮಾಡ್ತಾರೆ’ ಎಂಬ ಮಾತಿಗೆ ಬೇಡವೆನ್ನಲೂ ಬೇಡಿ. ಮನೆಯವರ ಸಲಹೆ ಕೇಳಿ. ಆದರೆ ಮೈ ನಿಮ್ಮದು, ಹೂಂ ಅಥವಾ ಊಹೂಂ ನಿಮ್ಮದೇ ಆಗಿರಲಿ. ಹೆಂಗಸರು ಪರೀಕ್ಷೆಗೆ ಹೋಗದಿದ್ದರೆ ಔಷಧಿಯ ಪ್ರಮಾಣ ಗಂಡಸರ ಮೈನೋಡಿ ನಿಗದಿಯಾಗುತ್ತದೆ, ನಾವು ಅದನ್ನೇ ಚುಚ್ಚಿಕೊಳ್ಳುತ್ತೇವೆ.

ಪರೀಕ್ಷೆಯಲ್ಲಿ ಇಲ್ಲದವರಿಗೂ ಒಂದು ಕೆಲಸವಿದೆ. ಹೊಸ ಸೂಜಿ ಶುರು ಮಾಡಿದ ಮೇಲೆ ವಾಂತಿ, ತಲೆಸುತ್ತು, ಮೈಬೆವರು ಏನೇ ಕಂಡರೂ ಹಾಲಿನ ಲೆಕ್ಕದಂತೆ ಕ್ಯಾಲೆಂಡರಿನಲ್ಲಿ ಬರೆದಿಡಿ. ವೈದ್ಯರಿಗೆ ತೋರಿಸಿ. ಔಷಧಿಯ ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ಸಹಾಯವಾಣಿ 1800-180-3024 ಇದೆ. ರೋಗಿಯೇ ಕರೆ ಮಾಡಬಹುದು. ನಮ್ಮವರ ಮೈಯಲ್ಲಿ ಏನಾಯಿತು ಎಂದು ನಾವೇ ಹೇಳದಿದ್ದರೆ ದೇಶಕ್ಕೆ ಗೊತ್ತಾಗುವುದಾದರೂ ಹೇಗೆ?