ಮಾಲ್‌ಗೆ ಮುನ್ನ ಸಂತೆಗೊಂದು ಸೂರು

ಬೆಂಗಳೂರಿನ ಮಾಲ್‌ಗಳು ಎರಡೇ ದಶಕಗಳಲ್ಲಿ ನಗರದ ಅಂಚಿಗೆ ಸರಿದಿವೆ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಆರಂಭವಾಯಿತು. 2011ರಲ್ಲಿ ಫೀನಿಕ್ಸ್ ಸಂಸ್ಥೆ ಮಹದೇವಪುರದಲ್ಲಿ ಮಾಲ್ ತೆರೆಯಿತು. 2023ರಲ್ಲಿ ಅದೇ ಸಂಸ್ಥೆಯ ಮಾಲ್ ಆಫ್ ಏಷ್ಯಾ ಬ್ಯಾಟರಾಯನಪುರದ ಬಳ್ಳಾರಿ ರಸ್ತೆಗೆ ಬಂತು. ಅಗಲವಾದ ರಸ್ತೆ, ವಿಶಾಲ ನಿವೇಶನ, ವಾಹನವುಳ್ಳ ಗ್ರಾಹಕ ಒಂದೆಡೆ ಕೂಡಿದರೆ ಮಾಲ್ ತಲೆಯೆತ್ತುತ್ತದೆ.

ಈ ಲೆಕ್ಕಾಚಾರ ರಾಜಧಾನಿಗಷ್ಟೇ ಸೀಮಿತವಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿಯ ಚತುಷ್ಪಥ ಯೋಜನೆಯ ಹಾದಿಯಲ್ಲಿಯೇ ಕಡೂರು, ತರೀಕೆರೆಗಳಿವೆ. ತರೀಕೆರೆಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಅಜ್ಜಂಪುರವೂ ದೂರವಿಲ್ಲ. ಹೆದ್ದಾರಿ ಬದಿಯ ಜಮೀನಿನ ಮೇಲೆ ದೊಡ್ಡ ವ್ಯಾಪಾರಿಗಳ ಕಣ್ಣು ಬೀಳುವುದು ಸಹಜ.

ಆದರೆ ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿಯನ್ನು ನಂಬಿದ ಈ ಸೀಮೆಯ ವಹಿವಾಟಿನ ಸ್ವರೂಪವೇ ಬೇರೆ. ವಾರದ ಸಂತೆಯಲ್ಲಿ ರೈತ ಬೆಳಿಗ್ಗೆ ಮಾರಾಟಗಾರ, ಸಂಜೆ ಕೊಳ್ಳುವವ. ಅವನ ಹಣ ಊರಿನ ಅಂಗಡಿಗಳಲ್ಲೇ ಕೈ ಬದಲಿಸುತ್ತದೆ. ಮಾಲ್‌ನಲ್ಲಿ ಅವನು ಕೇವಲ ಗ್ರಾಹಕ. ಆ ಸ್ಥಾನವೂ ಖಾತರಿಯಲ್ಲ: 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಪಂಚೆಯುಟ್ಟ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆಯಲಾಯಿತು. ಸದನದಲ್ಲೂ ಆಕ್ರೋಶ ವ್ಯಕ್ತವಾದ ಮೇಲೆ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು.

ಮಾಲ್ ಬೇಡವೆನ್ನುವುದು ಇಲ್ಲಿನ ವಾದವಲ್ಲ. ಹೊಸ ವಾಣಿಜ್ಯ ಸಂಕೀರ್ಣಕ್ಕೆ ಪರವಾನಗಿ ನೀಡುವ ಮುನ್ನ ಸ್ಥಳೀಯ ಸಂಸ್ಥೆಗಳು ಸಂತೆಗೆ ಕಾಯಂ ಜಾಗ, ನೆರಳು, ಕುಡಿಯುವ ನೀರು, ಶೌಚಾಲಯ ಒದಗಿಸಲಿ. ಪಂಚೆಯುಟ್ಟವನನ್ನು ಯಾರೂ ತಡೆಯದ ಮಾರುಕಟ್ಟೆ ಅದೊಂದೇ.