ಮೋಟಾರಿನ ಕಣ್ಣು ಮತ್ತೆ ಮತ್ತೆ ಆರುವುದೇಕೆ?

ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ ರಜೆ ಬಂದೊಡನೆ ಮಕ್ಕಳುಮರಿಗಳನ್ನು ಕಾರಿನಲ್ಲಿ ಕೂಡಿಸಿಕೊಂಡು ಊರಿನ ಹಾದಿ ಹಿಡಿಯುವವರು. ಆದಕಾರಣ ಈ ಸಲದ ಅಂಕಣವನ್ನು ಕಾರಿನ ಹೆಡ್‌ಲೈಟಿಗೆ ಮೀಸಲಿಟ್ಟಿದ್ದೇನೆ.

ಕಳೆದ ದಸರೆಗೆ ನಾವು ಕೊಂಡಪಲ್ಲಿಯಿಂದ ಬಳ್ಳಾರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ನಮ್ಮ ತಾಯಿಯವರು. ಅವರ ಮಡಿಲಲ್ಲಿ ತಂಗಿಯ ಮಕ್ಕಳಿಗೆಂದು ಕೊಂಡ ಪೊಣಿಕಿ ಮರದ ಬೊಂಬೆಗಳು. ಗಿದ್ದಲೂರು ದಾಟಿ ನಲ್ಲಮಲೆಯ ಕಾಡು ಹೊಕ್ಕಾಗ ಕತ್ತಲಾಗಿತ್ತು. ಎಡಗಡೆಯ ಡಿಮ್ ದೀಪ ಆರಿತು. ಅರ್ಧ ಗಂಟೆಯೊಳಗೆ ಬಲಗಡೆಯದೂ ಅದರ ಹಾದಿ ಹಿಡಿಯಿತು. ಉಳಿದದ್ದು ಬ್ರೈಟ್ ಒಂದೇ. ಅದನ್ನು ಹಾಕಿದರೆ ಎದುರಿನ ಲಾರಿಯವನಿಗೆ ಕಣ್ಣು ಕುರುಡು, ತೆಗೆದರೆ ನನಗೆ ಕುರುಡು. "ನಿಧಾನ ಕಣಪ್ಪಾ" ಎಂದು ತಾಯಿಯವರು ಅಂದದ್ದು ಇನ್ನೂ ಕಿವಿಯಲ್ಲಿದೆ. ಮುಂದೆ ಹೋಗುತ್ತಿದ್ದ ಲಾರಿಯೊಂದರ ಹಿಂದೆ ತೆವಳುತ್ತ ನಂದ್ಯಾಲ ಸೇರಿದೆವು. ಆರು ತಿಂಗಳಲ್ಲಿ ಸುಟ್ಟ ಮೂರನೆಯ ಜೊತೆ ಅದು! ಪ್ರತಿಸಲವೂ "ಬಲ್ಬು ಕಳಪೆ" ಎಂದು ಬೈದು, ಹೊಸದು ಹಾಕಿಸಿ ಸುಮ್ಮನಾಗಿದ್ದೆ. ತಪ್ಪು ನನ್ನದೇ.

ಹಿಂದಿರುಗಿದ ಮೇಲೆ ವಿಜಯವಾಡದ ಆಟೋನಗರಕ್ಕೆ ಹೋದೆ. ಅಲ್ಲಿಯ ಎಲೆಕ್ಟ್ರಿಷಿಯನ್ನು ಮೀಟರು ಹಿಡಿದು ನೋಡಿ, "ಬಲ್ಬು ಕಾದು, ಸಾರ್" ಎಂದ. "ಹೌದಪ್ಪ, ಕಾದು ಕಾದೇ ಸುಟ್ಟಿರಬೇಕು" ಎಂದೆ. ಆತ ನಕ್ಕುಬಿಟ್ಟ. ತೆಲುಗಿನಲ್ಲಿ 'ಕಾದು' ಎಂದರೆ 'ಅಲ್ಲ' ಎಂದಷ್ಟೆ! ಈ ನಾಡಿನ ನೀರನ್ನು ಹತ್ತು ವರ್ಷ ಕುಡಿದರೂ ಕಿವಿ ಮಾತ್ರ ಕನ್ನಡದ್ದೇ. ದೋಷವಿದ್ದದ್ದು ಬಲ್ಬಿನಲ್ಲಲ್ಲ, ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರಿನ ರೆಗ್ಯುಲೇಟರಿನಲ್ಲಿ. ಮೀಟರು 15.2 ವೋಲ್ಟು ತೋರಿಸುತ್ತಿತ್ತು.

ಇದರ ಲೆಕ್ಕ ತಿಳಿಯತಕ್ಕದ್ದು. ಬಲ್ಬಿನ ಮೇಲೆ 12 ವೋಲ್ಟು ಎಂದು ಬರೆದಿದ್ದರೂ ಅದರ ಆಯುಸ್ಸನ್ನು ತಯಾರಕರು ಸಾಮಾನ್ಯವಾಗಿ 13.2 ವೋಲ್ಟಿನಲ್ಲಿ ಅಳೆಯುತ್ತಾರೆ. ಬಲ್ಬಿಗೆ ತಲಪುವ ಒತ್ತಡ ನೂರಕ್ಕೆ 5ರಷ್ಟು ಏರಿದರೂ ಆಯುಸ್ಸು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. 15 ವೋಲ್ಟು ಸತತವಾಗಿ ತಲಪಿದರೆ ಉಳಿಯುವುದು ಐದರಲ್ಲಿ ಒಂದು ಪಾಲು.

ಪರೀಕ್ಷೆ ಕಷ್ಟದ್ದಲ್ಲ. ಕೆಲವು ನೂರು ರೂಪಾಯಿನ ಮೀಟರೊಂದು ಮನೆಯಲ್ಲಿರಲಿ. ರಾತ್ರಿಯೆಲ್ಲ ನಿಂತಿದ್ದ ಕಾರಿನ ಬ್ಯಾಟರಿ ಸುಮಾರು 12.6 ತೋರಿಸಬೇಕು. ಎಂಜಿನ್ನು ಓಡಿಸಿ, ದೀಪ ಹಾಕಿ, ಆಕ್ಸಿಲರೇಟರನ್ನು ಕೊಂಚ ಒತ್ತಿಸಿ ನೋಡಿದರೆ ಸಾಮಾನ್ಯವಾಗಿ 13.5ರಿಂದ 14.5ರ ಒಳಗಿರಬೇಕು. ತಂತಿಯಲ್ಲಿ ಸ್ವಲ್ಪ ಒತ್ತಡ ಕರಗುವುದರಿಂದ ಬಲ್ಬಿಗೆ ಇನ್ನೂ ಕಡಮೆಯೇ ತಲಪುತ್ತದೆ. 15ನ್ನು ದಾಟಿ ನಿಂತಿತೋ, ರೆಗ್ಯುಲೇಟರನ್ನು ತೋರಿಸಿ. ಬಲ್ಬಿನೊಡನೆ ಬ್ಯಾಟರಿಯೂ ಉಳಿದೀತು.

ಎರಡೂ ಕಡೆ ಸುಡುತ್ತಿದ್ದರೆ ಮೊದಲು ಈ ಅನುಮಾನ. ಒಂದೇ ಕಡೆಯದು ಪದೇ ಪದೇ ಸುಡುತ್ತಿದ್ದರೆ ದೋಷವನ್ನು ಆ ಪಕ್ಕದಲ್ಲಿಯೇ ಹುಡುಕಬೇಕು. ಹಿಡಿಕೆಯ ಕ್ಲಿಪ್ಪು ಸಡಿಲವಾಗಿ ಬಲ್ಬು ಅದುರುತ್ತಿದೆಯೆ? ಹಿಂದಿನ ರಬ್ಬರ್ ಟೋಪಿ ಹರಿದು ಮಳೆನೀರು ಒಳಸೇರಿದೆಯೆ? ಹೋಲ್ಡರು ಕಂದಿದೆಯೆ? ಇಬ್ರಾಹಿಂಪಟ್ಟಣದ ವಿದ್ಯುತ್ ಸ್ಥಾವರದ ಕಡೆಯ ಲಾರಿಗಳು ಓಡಾಡುವ ರಸ್ತೆಯಲ್ಲಿ ದಿನವೂ ಕಾರು ಓಡಿಸುವ ನಮಗೆ ಕುಲುಕಾಟವೂ ಧೂಳೂ ಹೊಸತಲ್ಲವಷ್ಟೆ.

ಇನ್ನು ಕೈಯ ತಪ್ಪು. 1960ರ ದಶಕದಲ್ಲಿ ಯೂರೋಪಿನ ಕಾರುಗಳಿಗೆ ಬಂದ ಹ್ಯಾಲೊಜೆನ್ ಬಲ್ಬಿನ ಗಾಜು ಬಹಳ ಬಿಸಿಯಾಗಿಯೇ ಇರಬೇಕಾದದ್ದು. ಆಗ ಮಾತ್ರ ತಂತಿಯಿಂದ ಆವಿಯಾದ ಟಂಗ್‌ಸ್ಟನ್ನು ಗಾಜಿಗೆ ಮಸಿಯಾಗಿ ಹತ್ತದೆ ತಂತಿಗೇ ಮರಳುತ್ತದೆ. ಬೆರಳಿನ ಜಿಡ್ಡು ತಗುಲಿದ ಕಡೆ ಕಾವು ಏರುಪೇರಾಗಿ ಗಾಜು ಕೆಡುತ್ತದೆ. ಬಲ್ಬನ್ನು ತಳದಲ್ಲಿಯೇ ಹಿಡಿಯಿರಿ. ಗಾಜು ಮುಟ್ಟಿದ್ದರೆ ಸ್ಪಿರಿಟ್ಟಿನಿಂದ ಒರಸಿ, ಒಣಗಿಸಿ ಹಾಕಿ.

ಕೊನೆಯದಾಗಿ, ಹೆಚ್ಚು ಬೆಳಕಿನ ಆಸೆ. 60/55 ವಾಟಿನ ಜಾಗದಲ್ಲಿ 100/90ರದನ್ನು ಹಾಕಿಸುವವರುಂಟು. ಹೋಲ್ಡರು ಕರಗುತ್ತದೆ, ತಂತಿ ಕಾಯುತ್ತದೆ—ಇದು ಕನ್ನಡದ ಕಾಯುವಿಕೆಯೇ!—ಎದುರಿನವನ ಕಣ್ಣು ಕೋರೈಸುತ್ತದೆ. ರಸ್ತೆಯ ಮೇಲೆ ಅದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ.

ರೆಗ್ಯುಲೇಟರು ಬದಲಾಯಿಸಿದ ಮೇಲೆ ಸಂಕ್ರಾಂತಿಗೂ ಯುಗಾದಿಗೂ ಊರಿಗೆ ಹೋಗಿಬಂದೆವು. ಬಲ್ಬು ಅದೇ ಇದೆ. ಆದರೂ ಕಾರಿನ ಪೆಟ್ಟಿಗೆಯಲ್ಲಿ ಹೊಸದೊಂದು ಜೊತೆಯನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ನೀವೂ ಇಡಿ. ಹೊರಡುವ ಹಿಂದಿನ ಸಂಜೆ ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ ಡಿಮ್ಮು, ಬ್ರೈಟು ಎರಡನ್ನೂ ಹಾಕಿ ನೋಡಿರಿ. ಊರಿನಲ್ಲಿ ಬಾಗಿಲ ದೀಪ ಉರಿಸಿಕೊಂಡು ಕಾಯುತ್ತಿರುವವರಿದ್ದಾರೆ. ನಮ್ಮ ಗಾಡಿಯ ದೀಪವೂ ಅಲ್ಲಿಯವರೆಗೆ ಉರಿಯಲಿ.